ಹತ್ತಿಯೊಳಗಿನ ಚೀಟಿ

ಮಾರ್ಚ್ ೪

ಪ್ರೀತಿಯ ಚಿಕ್ಕಮ್ಮ,

ನೀನು ಹೆಣೆದು ಕಳಿಸಿದ ಕಾಲುಚೀಲ ತಲುಪಿತು. ಒಂದು ನನ್ನ ಕಾಲಿಗೆ ಸರಿಯಾಗಿ ಹಿಡಿಯುತ್ತದೆ. ಇನ್ನೊಂದರಲ್ಲಿ ನಾನೇ ಹಿಡಿಯುತ್ತೇನೆ. ಹೆಣೆಯುವಾಗ ರೇಡಿಯೋ ಕೇಳಬೇಡ ಅಂದರೆ ನೀನು ಕೇಳುವವಳಲ್ಲ.

ಇಲ್ಲಿ ಫೋನು ಸಿಗುವುದಿಲ್ಲ. ಶನಿವಾರಕ್ಕೊಮ್ಮೆ ಸಾಮಾನಿನ ಜೀಪು ಬರುತ್ತದೆ, ಟಪಾಲೂ ಅದರಲ್ಲೇ. ನನ್ನ ಕೋಣೆಯಲ್ಲಿ ಅರ್ಧ ನನ್ನದು, ಅರ್ಧ ನಲವತ್ತು ಬಿಳಿ ಇಲಿಗಳದ್ದು. ಹಗಲಿನಲ್ಲಿ ಗೂಬೆ ಕೂತ ಮರದ ಕೆಳಗೆ ಹೋಗಿ ಕೋಲಿನ ತುದಿಯಲ್ಲಿ ಒಂದು ಇಲಿ ಇಟ್ಟು ಚಾಚಿದರೆ, ಅದು ಸದ್ದಿಲ್ಲದೆ ಇಳಿದು ಬಂದು ಎತ್ತಿಕೊಂಡು ಹೋಗುತ್ತದೆ. ಅದರ ಹಿಂದೆ ಮುಳ್ಳು ತುಳಿದು ಓಡಿದರೆ ಗೂಡು. ಜನ ಬೆಟ್ಟ ಅಗೆದು ಇಲಿ ಹಿಡಿಯುತ್ತಾರೆ, ನಾನು ಇಲಿ ಹಿಡಿದು ಬೆಟ್ಟ ಹತ್ತುತ್ತೇನೆ.

ಈಗ ದೊಡ್ಡ ಸುದ್ದಿ. ಮೂರನೆಯ ಹಳ್ಳದ ಗಂಡು ಚುಕ್ಕೆಗೂಬೆ ನನಗೆ ನಾಲ್ಕು ವರ್ಷದ ಪರಿಚಯ. ನಿನ್ನೆ ಅದಕ್ಕೊಂದು ಇಲಿ ಕೊಟ್ಟೆ. ಅದು ತಾನು ತಿನ್ನದೆ ನೇರವಾಗಿ ಒಂದು ಮರದ ಪೊಟರೆಗೆ ಒಯ್ದಿತು. ಒಳಗಿನಿಂದ ಹೆಣ್ಣಿನ ತಲೆ ಹೊರಬಂತು. ಅದು ಚುಕ್ಕೆಗೂಬೆಯಲ್ಲ ಚಿಕ್ಕಮ್ಮ, ಪಟ್ಟೆಗೂಬೆ! ಮೊಟ್ಟೆಗೆ ಕಾವು ಕೊಡುತ್ತಿದೆ.

ಸತ್ತ ಹಕ್ಕಿಗೆ ಹತ್ತಿ ತುಂಬಿ ಹೊಲಿಯುವ ನೀನು ಇವನ್ನು ಸಂಗ್ರಹಾಲಯದ ಕಪಾಟಿನಲ್ಲಿ ನೋಡಿದವಳು, ನಾನು ಮರದ ಮೇಲೆ. ಹಾಗಾಗಿ ಕಷ್ಟ ಏನೆಂದು ಹೇಳುತ್ತೇನೆ. ಚುಕ್ಕೆಗೂಬೆ ಹಳೆಯ ದೊಡ್ಡ ಮರಗಳ ಕಾಡು ಬಿಟ್ಟು ಬೇರೆಡೆ ಬದುಕುವುದಿಲ್ಲ. ಊಟದಲ್ಲೂ ಮಹಾ ನಾಜೂಕು. ಪಟ್ಟೆಗೂಬೆ ಅದರ ದೊಡ್ಡಪ್ಪನ ಮಗಳಿದ್ದ ಹಾಗೆ. ದಪ್ಪ, ಗಟ್ಟಿ, ಕಪ್ಪೆಯಿಂದ ಏಡಿಯವರೆಗೆ ಸಿಕ್ಕಿದ್ದೆಲ್ಲ ತಿನ್ನುತ್ತದೆ. ಪೂರ್ವದ ಕಡೆಯಿಂದ ಬಂದು ಹನ್ನೊಂದು ವರ್ಷವಾಯಿತು. ಅದು ಬಂದ ಕಣಿವೆಯಲ್ಲಿ ಚುಕ್ಕೆಗೂಬೆಯ ದನಿ ಅಡಗುತ್ತದೆ. ಅದಕ್ಕೇ ಇಲಾಖೆಯವರು ಬರುವ ಚಳಿಗಾಲದಲ್ಲಿ ಈ ಕಾಡಿನ ಪಟ್ಟೆಗೂಬೆಗಳನ್ನು ಗುಂಡಿಟ್ಟು ತೆರವು ಮಾಡುವುದಾಗಿ ತೀರ್ಮಾನಿಸಿದ್ದಾರೆ. ಎರಡೂ ಕೂಡಿ ಹುಟ್ಟಿದ ಬೆರಕೆಗಳನ್ನೂ ಸೇರಿಸಿ. ಯಾವ ಹಕ್ಕಿ, ಯಾವ ಮರ ಎಂಬ ಪಟ್ಟಿಯನ್ನು ಆಗಸ್ಟ್ ಕೊನೆಗೆ ನಾನೇ ಕೊಡಬೇಕು. ನನ್ನ ನಾಲ್ಕು ವರ್ಷದ ಪ್ರಬಂಧವೂ ಅದೇ.

ಅದರ ಮೊದಲ ವಾಕ್ಯ ಆಗಲೇ ಸಿದ್ಧ: ‘ಹನ್ನೊಂದು ವರ್ಷದ ಹಿಂದೆ ಈ ಕಾಡಿನಲ್ಲಿ ಬೆರಕೆ ಇರಲಿಲ್ಲ.’ ಪುರಾವೆ? ನಿಮ್ಮ ಸಂಗ್ರಹಾಲಯದಲ್ಲಿರುವ ಈ ಕಾಡಿನ, ಅದಕ್ಕೂ ಹಿಂದಿನ ನಲವತ್ತಾರು ಗೂಬೆಗಳು. ನಲವತ್ತಾರೂ ಅಪ್ಪಟ ಚುಕ್ಕೆ ಎಂದು ಕಾಲಿಗೆ ಕಟ್ಟಿದ ಚೀಟಿ ಹೇಳುತ್ತದೆ. ಮುಕ್ಕಾಲು ಪಾಲು ನಿನ್ನ ಕೈಯ ಹೊಲಿಗೆ. ನನ್ನ ದೊಡ್ಡ ಸಾಕ್ಷಿ ನೀನೇ!

ನಿನ್ನ,
ಸಾಸಿವೆ


ಮಾರ್ಚ್ ೧೬

ನನ್ನ ಸಾಸಿವೆ,

ಆ ದೊಡ್ಡ ಕಾಲುಚೀಲವನ್ನು ಬಿಸಿನೀರಲ್ಲಿ ಒಗೆ, ಕುಗ್ಗುತ್ತದೆ. ಇಲಿಗಳಿಗೆ ಮಾತ್ರ ಹೊದಿಸಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

ನಮ್ಮಲ್ಲಿ ಈ ವಾರವೆಲ್ಲ ಒಂದು ಹೆಜ್ಜಾರ್ಲೆಯ ಜೊತೆ ಕುಸ್ತಿ. ಅದರ ಕೊಕ್ಕು ಮೇಜಿನಿಂದ ಒಂದು ಮೊಳ ಹೊರಗೆ. ದಾಟುವವರೆಲ್ಲ ಎಡವಿ ನನ್ನನ್ನೇ ಬೈದರು. ಚರ್ಮದ ಒಳಗಿನ ಕೊಬ್ಬು ಕೆರೆದು ಕೆರೆದು ಹೆಬ್ಬೆರಳು ಊದಿದೆ. ನಮ್ಮ ಹೊಸ ಮುಖ್ಯಸ್ಥೆ, ಅದೇ ದಪ್ಪ ಕನ್ನಡಕದವಳು, ‘ಅಕ್ಕ, ಬಿಡಿ ನಾನು ಕೆರೀತೀನಿ’ ಅಂತ ಬಂದು ಮೂರನೇ ನಿಮಿಷಕ್ಕೆ ಚರ್ಮದಲ್ಲಿ ತೂತು ಮಾಡಿದಳು. ಪಾಪ, ಒಳ್ಳೆಯವಳು. ತೂತು ನಾನು ಹೊಲಿದೆ.

ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ. ರಿಪೇರಿಯವನು ನಾಳೆ ಅನ್ನುತ್ತಾನೆ. ಅವನ ನಾಳೆಗೆ ನಾಲ್ಕು ತಿಂಗಳು ತುಂಬಿತು.

ಸಾಸಿವೆ, ಆ ನಲವತ್ತಾರರ ಮಾತು. ಹಳೆಯ ಚೀಟಿಗಳನ್ನು ಅಷ್ಟೊಂದು ನಂಬಬೇಕೇ? ಮನುಷ್ಯರೇ ಬರೆದದ್ದು ತಾನೇ. ಬೇರೆ ಏನಾದರೂ ಪುರಾವೆ ಸಿಕ್ಕೀತೇ ನೋಡು. ಸುಮ್ಮನೆ ಕೇಳಿದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಚಿಕ್ಕಮ್ಮ


ಏಪ್ರಿಲ್ ೨೭

ಪ್ರೀತಿಯ ಚಿಕ್ಕಮ್ಮ,

ಎರಡು ಮರಿ! ಪೊಟರೆಯ ಬಾಯಲ್ಲಿ ಎರಡು ಬೂದು ಉಂಡೆಗಳು ತಲೆಯನ್ನು ಗಡಿಯಾರದ ಲೋಲಕದಂತೆ ಆಡಿಸುತ್ತ ನನ್ನನ್ನು ನೋಡಿದವು. ಅಪ್ಪ ನಾಲ್ಕು ಸ್ವರದಲ್ಲಿ ಕೂಗುತ್ತಾನೆ, ಅಮ್ಮ ಎಂಟು ಸ್ವರದಲ್ಲಿ. ಅವನು ಮುಗಿಸಿ ಕಾಯುತ್ತಾನೆ, ಇವಳಿಗೆ ಇನ್ನೂ ಅರ್ಧ ಬಾಕಿ. ಆದರೂ ಸಂಸಾರ ನಡೆಯುತ್ತಿದೆ.

ನಿನ್ನೆ ಕೋವಿ ಮೇಷ್ಟ್ರು ಬಂದಿದ್ದರು. ನಿವೃತ್ತ ಶಾಲಾ ಮಾಸ್ತರು. ದನಿ ಕೇಳಿಯೇ ಹಕ್ಕಿ ಹೇಳುವ ಕಿವಿ, ಗುರಿಯೂ ತಪ್ಪದು. ಅದಕ್ಕೇ ಇಲಾಖೆ ಗುಂಡು ಹಾಕುವ ಕೆಲಸಕ್ಕೆ ಅವರನ್ನು ಹಿಡಿದಿದೆ. ಮರಿಗಳನ್ನು ದುರ್ಬೀನಿನಲ್ಲಿ ತುಂಬಾ ಹೊತ್ತು ನೋಡಿದರು.

“ಇವೂ ಪಟ್ಟಿಯಲ್ಲಿ ಇವೆಯಾ ಮಗು?”

“ಇರಬೇಕು ಸರ್. ಬೆರಕೆ.”

“ಸರಿ. ಪಟ್ಟಿ ನೀನು ಬರಿ, ಗುಂಡು ನಾನು ಹಾಕ್ತೀನಿ. ನಿದ್ದೆ ಮಾತ್ರ ಇಬ್ಬರಿಗೂ ಬರಲ್ಲ.”

ಅವರು ಹೋದ ಮೇಲೆ ಬರೆದೆ. ‘ಮೂರನೆಯ ಹಳ್ಳ. ಮರಿ ಒಂದು, ಬೆರಕೆ. ಮರಿ ಎರಡು, ಬೆರಕೆ.’ ಅಕ್ಷರ ಸೊಟ್ಟಗೆ ಬಂತು. ಆದರೆ ಏನು ಮಾಡಲಿ? ಈ ಕಾಡಿನಲ್ಲಿ ಉಳಿದಿರುವ ಚುಕ್ಕೆಗೂಬೆ ಬರೀ ಮೂವತ್ತೆಂಟು. ಸುಮ್ಮನೆ ಬಿಟ್ಟರೆ ನನ್ನ ಕಣ್ಣೆದುರೇ ಮುಗಿದುಹೋಗುತ್ತವೆ.

ಚೀಟಿ ನಂಬಬೇಕೇ ಅಂದೆಯಲ್ಲ, ನಗು ಬಂತು. ‘ಚೀಟಿ ಇಲ್ಲದ ಹಕ್ಕಿ ಬರೀ ಗರಿ’ ಎಂದು ನನಗೆ ಆರನೇ ವಯಸ್ಸಿಗೇ ಕಲಿಸಿದವಳು ಯಾರು? ಒಂದು ಉಪಕಾರ ಮಾಡು. ೨೧೯೦ರಿಂದ ೨೨೨೦ನೆಯ ನಂಬರಿನವರೆಗಿನ ಗೂಬೆಗಳ ಎದೆಯ ಭಾಗದ ಫೋಟೊ ತೆಗೆಸಿ ಕಳಿಸು. ಪ್ರಬಂಧಕ್ಕೆ ಬೇಕು.

ನಿನ್ನ ಸಾಸಿವೆ


ಮೇ ೮

ಸಾಸಿವೆ,

ಫೋಟೊ ಕಳಿಸುತ್ತಿಲ್ಲ. ಈ ಕಾಗದ ಓದಿದ ಮೇಲೆ ಬೇಕೋ ಬೇಡವೋ ನೀನೇ ಹೇಳು.

ಮೂವತ್ತೊಂದು ವರ್ಷದ ಹಿಂದೆ, ನವೆಂಬರ್ ೧೯ರಂದು, ನಿನ್ನ ಆ ಕಾಡಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಒಂದು ಗೂಬೆಯನ್ನು ಕಾವಲಿನವನು ಚೀಲದಲ್ಲಿ ಹಾಕಿಕೊಂಡು ತಂದ. ನಾನು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಗೂಬೆಗೆ ತಲೆ ದಪ್ಪ, ಕತ್ತು ಸಣ್ಣ. ಬೇರೆ ಹಕ್ಕಿಯಂತೆ ಚರ್ಮ ಮಗುಚಿ ತೆಗೆಯಲು ಬರುವುದಿಲ್ಲ, ಹಿಂದಲೆಯಲ್ಲಿ ಇನ್ನೊಂದು ಕೊಯ್ತ ಹಾಕಬೇಕು. ಆ ಕೊಯ್ತ ನಾನೊಬ್ಬಳೇ ಹಾಕಿದ ಮೊದಲ ಹಕ್ಕಿ ಅದು. ಅದಕ್ಕೇ ಪ್ರತಿ ಗರಿಯೂ ನೆನಪಿದೆ. ಕತ್ತಿನ ಕೆಳಗೆ ಅಡ್ಡಪಟ್ಟೆ. ಹೊಟ್ಟೆಯ ಮೇಲೆ ಚುಕ್ಕೆಯೂ ಅಲ್ಲ, ಗೆರೆಯೂ ಅಲ್ಲ, ಚುಕ್ಕೆ ಗೆರೆಯಾಗಲು ಹೊರಟು ನಡುದಾರಿಯಲ್ಲಿ ನಿಂತಂತೆ. ತೂಕವೂ ಚುಕ್ಕೆಗೂಬೆಗೆ ಹೆಚ್ಚು, ಪಟ್ಟೆಗೂಬೆಗೆ ಕಡಿಮೆ. ನಾನು ಚೀಟಿಯಲ್ಲಿ ಬರೆದೆ: ‘ಎರಡರ ನಡುವಿನದು.’

ಆಗಿನ ಮೇಲ್ವಿಚಾರಕರು, ದೊಡ್ಡ ಸಾಹೇಬರು ಅನ್ನುತ್ತಿದ್ದೆವು, ಅದನ್ನು ಓದಿ ನಕ್ಕರು.

“ಆ ಕಾಡಿನಲ್ಲಿ ಪಟ್ಟೆಗೂಬೆಯೇ ಇಲ್ಲ. ಇಲ್ಲದ ತಾಯಿಗೆ ಮಗು ಹುಟ್ಟುತ್ತೇನಮ್ಮ?”

“ಎದೆ ನೋಡಿ ಸಾರ್, ಪಟ್ಟೆ ಇದೆ.”

“ನಿಮ್ಮ ಕೆಲಸ ಹತ್ತಿ ತುಂಬೋದು, ಹೆಸರಿಡೋದಲ್ಲ. ಬೇರೆ ಚೀಟಿ ಬರೀರಿ.”

ಬರೆದೆ. ‘ಚುಕ್ಕೆಗೂಬೆ, ಹೆಣ್ಣು.’ ನನ್ನದೇ ಕೈಯಿಂದ, ನನ್ನದೇ ದುಂಡು ಅಕ್ಷರದಲ್ಲಿ, ಅದರ ಕಾಲಿಗೆ ಕಟ್ಟಿದೆ. ೨೨೦೮. ಮೊದಲ ಚೀಟಿಯನ್ನು ಬಿಸಾಡಲು ಕೈ ಬರಲಿಲ್ಲ. ಹೊಟ್ಟೆಯ ಹೊಲಿಗೆ ಇನ್ನೂ ಬಾಕಿಯಿತ್ತು. ಮಡಿಚಿ ಹತ್ತಿಯೊಳಗೆ ಇಟ್ಟು ಹೊಲಿದುಬಿಟ್ಟೆ. ಇವತ್ತಿಗೂ ಅಲ್ಲೇ ಇದೆ.

ಯಾಕೆ ಜಗಳ ಆಡಲಿಲ್ಲ ಎಂದು ಕೇಳಬೇಡ. ಕೆಲಸ ಕಾಯಂ ಆಗಿರಲಿಲ್ಲ. ಅಷ್ಟೇ.

ಆಮೇಲೆ ಪಟ್ಟೆಗೂಬೆಗಳು ಬಂದವು ಎಂದು ಎಲ್ಲರೂ ಬರೆಯತೊಡಗಿದಾಗ ಹೇಳಬಹುದಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನೀನು ಕೇಳಿದ್ದೀಯ. ಮಾರ್ಚಿನಲ್ಲೇ ಬರೆಯಬೇಕಿತ್ತು. ನಲ್ಲಿ, ಹೆಜ್ಜಾರ್ಲೆ ಅಂತ ಏನೇನೋ ಬರೆದೆ.

ಚಿಕ್ಕಮ್ಮ


ಮೇ ೧೯

ಚಿಕ್ಕಮ್ಮನಿಗೆ,

ಕಾಗದ ತಲುಪಿತು.

ಒಂದೇ ಒಂದು ಹಕ್ಕಿ ತಾನೇ ಎಂದು ನೀನು ಅಂದುಕೊಂಡಿರಬಹುದು. ಹಾಗಲ್ಲ. ಬೆರಕೆಗೂ ಮರಿಯಾಗುತ್ತದೆ. ಮೂವತ್ತೊಂದು ವರ್ಷದ ಹಿಂದೆ ಒಂದಿತ್ತು ಎಂದಾದರೆ ಅದಕ್ಕೊಬ್ಬ ಅಣ್ಣನೋ ತಂಗಿಯೋ ಇದ್ದಿರಬೇಕು, ಅವಕ್ಕೆ ಮಕ್ಕಳು, ಮೊಮ್ಮಕ್ಕಳು. ನಾನು ಅಪ್ಪಟ ಎಂದು ಎಣಿಸಿದ ಮೂವತ್ತೆಂಟರಲ್ಲಿ ಯಾವುದು ಅಪ್ಪಟ ಎಂದು ಈಗ ನನಗೆ ಗೊತ್ತಿಲ್ಲ. ಮೊದಲ ವಾಕ್ಯ ಸುಳ್ಳು. ಅದರ ಮೇಲೆ ನಿಂತ ಇನ್ನೂರು ಪುಟವೂ ಅಷ್ಟೇ.

ನಾಲ್ಕು ವರ್ಷ. ರಜೆಗೆ ಬಂದಾಗಲೆಲ್ಲ ನಿನ್ನ ಮೇಜಿನ ಎದುರಿಗೇ ಕೂತು ಆ ನಲವತ್ತಾರರ ಬಗ್ಗೆ ಮಾತಾಡಿದ್ದೇನೆ. ನೀನು ಟೀ ಕೊಟ್ಟೆ.

ಸದ್ಯ ಬರೆಯಲು ಬೇರೆ ಏನೂ ಇಲ್ಲ.

ಸಾಸಿವೆ


ಜೂನ್ ೧೧

ಸಾಸಿವೆ,

ಮೂರು ಶನಿವಾರ ಹೋಯಿತು. ಬರೆಯಬೇಕೆಂದಿಲ್ಲ, ನಾನು ಬರೆಯುತ್ತಿರುತ್ತೇನೆ.

ಹೋದ ವಾರ ದೊಡ್ಡ ಸಾಹೇಬರ ಮನೆಗೆ ಹೋಗಿದ್ದೆ. ಎಂಬತ್ತಮೂರು ವರ್ಷ, ಒಂದು ಕಿವಿ ಕೇಳುವುದಿಲ್ಲ. ಚೀಟಿಯ ವಿಷಯ ಹೊರಗೆ ಬರುತ್ತದೆ, ನಿಮ್ಮ ಹೆಸರೂ ಬರಬಹುದು, ಮೊದಲೇ ಹೇಳಿರೋಣ ಅಂತ ಬಂದೆ ಎಂದೆ. ಕೇಳುವ ಕಿವಿಯ ಕಡೆ ನಿಂತು ಎರಡು ಸಲ ಹೇಳಬೇಕಾಯಿತು. ಅಂಥ ಮಾತನ್ನು ಎರಡು ಸಲ ಕೂಗಿ ಹೇಳುವುದು ಸುಲಭವಲ್ಲ. ಅವರು ನಿನ್ನ ವಿಳಾಸ ಕೇಳಿದರು, ಕೊಟ್ಟೆ.

ನಮ್ಮ ಕನ್ನಡಕಕ್ಕೂ ಹೇಳಿದೆ. ನೀನು ಹೂಂ ಅಂದರೆ ಅವಳ ಎದುರಿಗೇ ಹಕ್ಕಿಯನ್ನು ಬಿಚ್ಚುತ್ತೇನೆ. ಬೇಡ ಅಂದರೂ ಬಿಚ್ಚಲೇಬೇಕು ಅನ್ನುತ್ತಾಳೆ ಅವಳು. ಆದರೆ ನಿನ್ನ ಹೂಂ ಬೇಕು ನನಗೆ.

ಆ ದಿನ ಚೀಟಿಯನ್ನು ಹಕ್ಕಿಯ ಹೊಟ್ಟೆಗೆ ಹಾಕಿದೆ. ಇವತ್ತು ನನ್ನ ತಪ್ಪನ್ನು ನೀನು ಹೊಟ್ಟೆಗೆ ಹಾಕಿಕೋ ಅನ್ನಲು ಬಾಯಿ ಬರುತ್ತಿಲ್ಲ.

ಬೇಸಿಗೆಯ ಎರಡು ಅಂಗಿ ಕಳಿಸಿದ್ದೇನೆ. ಅಂಗಡಿಯವು, ತೋಳು ಎರಡೂ ಒಂದೇ ಅಳತೆ.

ಚಿಕ್ಕಮ್ಮ


ಜೂನ್ ೨೦

ಗೂಬೆಗಳ ಅಧ್ಯಯನ ಮಾಡುತ್ತಿರುವ ಮಗಳಿಗೆ,

ನೀವು ನನ್ನನ್ನು ಅರಿತವರಲ್ಲ. ನಾನು ಸಂಗ್ರಹಾಲಯದ ಪಕ್ಷಿ ವಿಭಾಗದ ಮೇಲ್ವಿಚಾರಕನಾಗಿ ಇಪ್ಪತ್ತೆರಡು ವರ್ಷ ಇದ್ದವನು. ನಿಮ್ಮ ಚಿಕ್ಕಮ್ಮನವರು ಈಚೆಗೆ ನಮ್ಮ ಮನೆಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ೨೨೦೮ನೆಯ ಹಕ್ಕಿಯ ವಿಚಾರ ತಿಳಿಸಿದರು. ತಪ್ಪು ತಮ್ಮದೇ ಎಂದರು.

ಆ ಹಕ್ಕಿ ನನಗೆ ನೆನಪಿಲ್ಲ. ಅವರು ಹೇಳಿದಂತಹ ಮಾತನ್ನು ನಾನು ಆಡಿರಲೇಬೇಕು. ಆಗ ಅಂತಹ ಮಾತುಗಳನ್ನು ದಿನಕ್ಕೆ ನಾಲ್ಕು ಆಡುತ್ತಿದ್ದೆ. ಆದರೆ ಅದೇ ನವೆಂಬರಿನ ಮೊದಲ ವಾರದ ಇನ್ನೊಂದು ಸಂಗತಿ ಚೆನ್ನಾಗಿ ನೆನಪಿದೆ. ಅವರು ನಿಮಗೆ ಹೇಳಿರಲಾರರು.

ಒಂದು ಬೆಳಗ್ಗೆ ಕೆಳಗಿನ ಕೆಲಸದ ಕೋಣೆಗೆ ಹೋದೆ. ಕಿಟಕಿಯ ಬಳಿ ಬಿಸಿಲು ಬೀಳುವ ಜಾಗದಲ್ಲಿ, ಕಪಾಟಿನಿಂದ ಎಳೆದು ತಂದ ಒಂದು ಖಾಲಿ ಡ್ರಾಯರು ನೆಲದ ಮೇಲಿತ್ತು. ಅದರಲ್ಲಿ ದಪ್ಪಗೆ ಹತ್ತಿ ಹಾಸಿತ್ತು. ಹತ್ತಿಯ ಮೇಲೆ ಒಂದು ತಿಂಗಳೂ ತುಂಬದ ಕೂಸು ಮುಷ್ಟಿ ಕಟ್ಟಿಕೊಂಡು ಮಲಗಿತ್ತು. ನಿಮ್ಮ ಚಿಕ್ಕಮ್ಮ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದರು. ಅಂತಹ ಜಾಗಕ್ಕೆ ಮಗುವನ್ನು ತರುವುದು ಕಟ್ಟುನಿಟ್ಟಾಗಿ ನಿಷಿದ್ಧ. ನಾನು ಬಾಗಿಲು ಹಾಕಿಕೊಂಡು ಮೇಲೆ ಬಂದೆ. ಮರುದಿನ, ಚರ್ಮಕ್ಕೆ ಹಚ್ಚುವ ಪಾಷಾಣದ ಸೋಪನ್ನು ಆ ಕೋಣೆಯಿಂದ ಹೊರಗಿನ ಷೆಡ್ಡಿಗೆ ಸಾಗಿಸಲು ಆದೇಶ ಮಾಡಿದೆ. ಕಾರಣ ಬರೆಯಲಿಲ್ಲ. ಎಂಟು ತಿಂಗಳು ಆ ಡ್ರಾಯರು ಕಪಾಟಿಗೆ ಮರಳಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನಾನು ಇದನ್ನು ನನ್ನ ಒಳ್ಳೆಯತನ ಎಂದೇ ಇಷ್ಟು ವರ್ಷ ಎಣಿಸಿಕೊಂಡಿದ್ದೆ. ಒಬ್ಬರ ಮೌನದ ಹಂಗಿನಲ್ಲಿ ಇರುವವರು ಅವರ ಜೊತೆ ವಾದ ಮಾಡುವುದಾದರೂ ಹೇಗೆ ಎಂಬುದು, ಮೊನ್ನೆ ಅವರು ಹೊರಟುಹೋದ ಮೇಲೆ ಹೊಳೆಯಿತು.

ಆದ್ದರಿಂದ ನಿಮ್ಮ ವರದಿಯಲ್ಲಿ ಈ ಗೂಬೆಯನ್ನು ಅವರ ತಲೆಯ ಮೇಲೆ ಕೂರಿಸಬೇಡಿ. ಅದು ಕೂರಬೇಕಾದದ್ದು ನನ್ನ ತಲೆಯ ಮೇಲೆ. ಅಲ್ಲಿ ಈಗ ಕೂದಲಿಲ್ಲದೆ ಸಾಕಷ್ಟು ಜಾಗವಿದೆ.

ಶುಭ ಕೋರುವ,
ಮಾಜಿ ಮೇಲ್ವಿಚಾರಕ


ಜುಲೈ ೧

ಚಿಕ್ಕಮ್ಮ,

ಸಾಹೇಬರು ಬರೆದಿದ್ದರು. ಏನು ಬರೆದಿದ್ದರು ಎಂದು ಕೇಳಬೇಡ.

ಲೆಕ್ಕದಲ್ಲಿ ನಾನು ಯಾವತ್ತೂ ಹಿಂದೆ. ಆದರೂ ಈ ಲೆಕ್ಕ ಮೇ ತಿಂಗಳಲ್ಲೇ ಹಾಕಬಹುದಿತ್ತು. ನವೆಂಬರ್ ೧೯ಕ್ಕೆ ನನಗೆ ಇಪ್ಪತ್ತಾರು ದಿನ. ಅಮ್ಮ ಹೋಗಿ ಇಪ್ಪತ್ತೈದು. ಅಪ್ಪ ನನ್ನನ್ನು ನಿನ್ನ ಕೈಯಲ್ಲಿಟ್ಟು ಊರು ಬಿಟ್ಟು ಎಷ್ಟು ದಿನವಾಗಿತ್ತೋ, ಅದನ್ನು ನೀನು ಯಾವತ್ತೂ ಹೇಳಿಲ್ಲ. ನಿನಗೆ ಇಪ್ಪತ್ತೆರಡು ವರ್ಷ.

‘ಕೆಲಸ ಕಾಯಂ ಆಗಿರಲಿಲ್ಲ. ಅಷ್ಟೇ’ ಎಂದು ಬರೆದಿದ್ದೀಯ. ಆ ‘ಅಷ್ಟೇ’ಯೊಳಗೆ ನಾನು ಮಲಗಿದ್ದೆ, ಅಲ್ಲವೇ?

ಮೇ ತಿಂಗಳ ನನ್ನ ಕಾಗದವನ್ನು ಹರಿದು ಹಾಕು. ಟೀ ಕೊಟ್ಟೆ ಎಂದು ಬರೆದೆನಲ್ಲ, ಆ ಸಾಲನ್ನು ಮೊದಲು ಹರಿ.

ಹೂಂ. ಬಿಚ್ಚು. ನಾನೇ ಬರುತ್ತಿದ್ದೆ, ಆದರೆ ಮರಿಗಳು ಕೊಂಬೆಗೆ ಬಂದಿವೆ. ಒಂದಕ್ಕೆ ಕೆಂಪು ಉಂಗುರ, ಇನ್ನೊಂದಕ್ಕೆ ನೀಲಿ ತೊಡಿಸಿದೆ. ಕೆಂಪಿನದು ಹಾರಲು ಹೋಗಿ ದಿನಕ್ಕೆರಡು ಸಲ ನೆಲಕ್ಕೆ ಬೀಳುತ್ತದೆ, ಕೊಕ್ಕು ಉಗುರು ಊರಿಕೊಂಡು ಮತ್ತೆ ಮರ ಹತ್ತುತ್ತದೆ. ಬಿಟ್ಟು ಬರಲು ಮನಸ್ಸಾಗುತ್ತಿಲ್ಲ.

ಅಂಗಿ ಚೆನ್ನಾಗಿವೆ. ನೀನು ಹೆಣೆದದ್ದೇ ಕಳಿಸಬಹುದಿತ್ತು.

ನಿನ್ನ ಸಾಸಿವೆ


ಜುಲೈ ೧೩

ನನ್ನ ಸಾಸಿವೆ,

ಬಿಚ್ಚಿದೆವು. ನಾನು, ಕನ್ನಡಕ, ಫೋಟೊ ತೆಗೆಯುವವಳು, ಮೂವರೇ.

ಹಳೆಯ ಚರ್ಮ ಹಪ್ಪಳಕ್ಕಿಂತ ಹಗುರ, ಒತ್ತಿದರೆ ಪುಡಿ. ಹೊಲಿಗೆ ಮಾತ್ರ ಕಲ್ಲು. ಮೂರು ಹೊಲಿಗೆಗೊಂದು ಗಂಟು ಹಾಕಿದ್ದೇನೆ. ಯಾವ ಕಳ್ಳ ಬರುತ್ತಾನೆಂದು ಅಷ್ಟು ಬಿಗಿದಿದ್ದೆನೋ! ಬಿಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಕನ್ನಡಕ ಉಸಿರು ಬಿಗಿಹಿಡಿದು ನಿಂತಿದ್ದಳು. ನಾನೇ, “ಉಸಿರಾಡಮ್ಮ, ಹಕ್ಕಿ ಸತ್ತು ಬಹಳ ದಿನ ಆಯ್ತು” ಅಂದೆ.

ಚಿಮುಟದಿಂದ ಹತ್ತಿ ಎಳೆಯುತ್ತ ಹೋದೆ. ಚೀಟಿ ಇಲ್ಲ. ಇನ್ನೊಂದು ಎಳೆ, ಇಲ್ಲ. ನನಗೇ ಅನುಮಾನ ಹುಟ್ಟಿತು. ಇಷ್ಟು ವರ್ಷ ನಾನೇ ಕಥೆ ಕಟ್ಟಿಕೊಂಡೆನೇ ಎಂದು. ಕೊನೆಗೆ ಬೆನ್ನುಮೂಳೆಯ ಜಾಗದ ಕಡ್ಡಿಗೆ ಅಂಟಿಕೊಂಡಂತೆ ಸಿಕ್ಕಿತು, ನಾಲ್ಕು ಮಡಿಕೆ. ಕನ್ನಡಕ ಓದಿದಳು.

“ನವೆಂಬರ್ ಹತ್ತೊಂಬತ್ತು. ಹೆಣ್ಣು. ಏಳುನೂರ ನಲವತ್ತು ಗ್ರಾಂ. ರಸ್ತೆಯಲ್ಲಿ ಸತ್ತದ್ದು. ಎರಡರ ನಡುವಿನದು.” ಆಮೇಲೆ ತಿರುಗಿಸಿ, “ಅಕ್ಕ, ಹಿಂದೆನೂ ಏನೋ ಇದೆ. ಹಾಲಿನಪುಡಿ, ದೊಡ್ಡ ಡಬ್ಬ. ಬಾಟಲಿ ಬ್ರಷ್ಷು. ಫ್ಲಾನೆಲ್ ಒಂದೂವರೆ ಗಜ.”

ಅದನ್ನು ನಾನು ಮರೆತೇಬಿಟ್ಟಿದ್ದೆ. ಅದು ಬೇಡ, ಮುಂದಿನದು ಮಾತ್ರ ಬರೆದುಕೋ ಅಂದೆ. “ಚೀಟಿ ಅಂದ್ಮೇಲೆ ಎರಡೂ ಬದಿ ದಾಖಲಾಗ್ಬೇಕು” ಎಂದು ಹಠ ಹಿಡಿದಳು. ಈಗ ಸಂಗ್ರಹಾಲಯದ ದಫ್ತರದಲ್ಲಿ ೨೨೦೮ರ ಮುಂದೆ ನಿನ್ನ ಹಾಲಿನಪುಡಿಯೂ ಇದೆ.

ಕಾಲ್ಬೆರಳಿನ ಅಡಿಯಿಂದ ಅಕ್ಕಿಕಾಳಿನಷ್ಟು ಚೂರು ಕೊಯ್ದು ಪ್ರಯೋಗಶಾಲೆಗೆ ಕಳಿಸಿದ್ದೇವೆ. ಹಕ್ಕಿಗೆ ಹೊಸ ಹತ್ತಿ ತುಂಬಿ ಹೊಲಿದೆ, ಈ ಸಲ ಸ್ವಲ್ಪ ಸಡಿಲವಾಗಿ.

ಮೇ ತಿಂಗಳ ಕಾಗದ ಹರಿದಿಲ್ಲ. ನೀನು ಬರೆದದ್ದನ್ನು ನಾನು ಹರಿಯುವುದಿಲ್ಲ.

ಚಿಕ್ಕಮ್ಮ


ಅಕ್ಟೋಬರ್ ೯

ಪ್ರೀತಿಯ ಚಿಕ್ಕಮ್ಮ,

ಪ್ರಯೋಗಶಾಲೆಯ ಉತ್ತರ ನಿನಗೂ ಬಂದಿರಬೇಕು. ತಾಯಿ ಪಟ್ಟೆಗೂಬೆ, ತಂದೆ ಚುಕ್ಕೆಗೂಬೆ. ಇಪ್ಪತ್ತೆರಡು ವರ್ಷದ ಹುಡುಗಿ ಬರಿಗಣ್ಣಲ್ಲಿ ನೋಡಿ ಹೇಳಿದ್ದನ್ನು ಹೇಳಲು ಯಂತ್ರಕ್ಕೆ ಹತ್ತು ವಾರ ಹಿಡಿಯಿತು.

ಅಷ್ಟರಲ್ಲಿ ನಾನು ಮೂವತ್ತೆಂಟು ಚುಕ್ಕೆಗೂಬೆಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಐದರಲ್ಲಿ ಪಟ್ಟೆಗೂಬೆಯ ಹಳೆಯ ಪಾಲಿದೆ, ಮುತ್ತಜ್ಜಿಯ ಕಾಲದ್ದು. ಮೈಮೇಲೆ ಒಂದು ಪಟ್ಟೆಯೂ ಕಾಣುವುದಿಲ್ಲ. ಆ ಐದರಲ್ಲಿ ನಮ್ಮ ಮೂರನೆಯ ಹಳ್ಳದ ಗಂಡೂ ಒಂದು. ಎಲ್ಲರಿಗೂ ‘ಅಪ್ಪಟ ಅಂದರೆ ಹೀಗಿರಬೇಕು’ ಎಂದು ನಾನು ತೋರಿಸುತ್ತಿದ್ದುದು ಅವನನ್ನೇ.

ಮೊನ್ನೆ ಇಲಾಖೆಯ ಸಭೆ. ಉದ್ದ ಮೇಜು, ಹನ್ನೆರಡು ಜನ, ತಣ್ಣಗಾದ ಟೀ. ಅಧ್ಯಕ್ಷರು ಕೇಳಿದರು:

“ಹಾಗಾದ್ರೆ ಬೆರಕೆ ಯಾವುದು, ಅಲ್ಲದ್ದು ಯಾವುದು? ಗೆರೆ ಎಲ್ಲಿ ಎಳೀಬೇಕು ಹೇಳಿ.”

“ಗೊತ್ತಿಲ್ಲ ಸರ್.”

“ನಾಲ್ಕು ವರ್ಷ ಕೆಲಸ ಮಾಡಿ ಗೊತ್ತಿಲ್ಲ ಅಂದ್ರೆ?”

“ನಾಲ್ಕು ವರ್ಷ ಗೊತ್ತು ಅಂದ್ಕೊಂಡಿದ್ದೆ ಸರ್. ಗೊತ್ತಾಗೋವರೆಗೆ ಅವುಗಳ ಮೇಲೆ ಗುಂಡು ಹಾರಿಸ್ಬಾರ್ದು, ಅಷ್ಟು ಮಾತ್ರ ಈಗ ಹೇಳಬಲ್ಲೆ.”

ಮೂಲೆಯಲ್ಲಿ ಕೂತಿದ್ದ ಕೋವಿ ಮೇಷ್ಟ್ರು ಜೋರಾಗಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

ಎರಡೂ ಕೂಡಿ ಹುಟ್ಟಿದವುಗಳನ್ನು ಮೂರು ವರ್ಷ ಮುಟ್ಟುವಂತಿಲ್ಲ ಎಂದು ಬರೆದುಕೊಟ್ಟರು. ಕೆಂಪು, ನೀಲಿ ಎರಡೂ ಪಟ್ಟಿಯಿಂದ ಹೊರಗೆ. ಪಟ್ಟೆಗೂಬೆಗಳ ತೆರವು ಮಾತ್ರ ನಡೆಯುತ್ತದೆ. ನಾನೂ ಬೇಡ ಅನ್ನಲಿಲ್ಲ. ಬೇಡ ಅಂದರೆ ಆ ಮೂವತ್ತೆಂಟೂ ಉಳಿಯುವುದಿಲ್ಲ. ಮರಿಗಳ ತಾಯಿಯನ್ನು ಪಟ್ಟಿಯಲ್ಲಿ ನಾನೇ ಬರೆದೆ.

ನನ್ನ ಪ್ರಬಂಧ ಒಂದು ವರ್ಷ ಮುಂದಕ್ಕೆ ಹೋಯಿತು. ಹೊಸ ಮೊದಲ ವಾಕ್ಯ ಇನ್ನೂ ಸಿಕ್ಕಿಲ್ಲ. ‘ಬೆರಕೆ’ ಎಂಬ ಪದವನ್ನು ಎಲ್ಲ ಕಡೆ ಹೊಡೆದು, ನಿನ್ನ ಚೀಟಿಯ ಎರಡು ಪದ ಹಾಕಬೇಕೆಂದಿದ್ದೇನೆ. ಗುರುಗಳು ಉದ್ದವಾಯಿತು ಅಂದರು. ಆಗಲಿ ಅಂದೆ.

ನಿನ್ನ ಸಾಸಿವೆ


ಜನವರಿ ೨೨

ಚಿಕ್ಕಮ್ಮ,

ನಿನ್ನೆ ಸಂಜೆ ಮರಿಗಳ ತಾಯಿಯದು ಮುಗಿಯಿತು. ಮೇಷ್ಟ್ರದು ಒಂದೇ ಗುಂಡು. ಮರಿಗಳು ಚಳಿಗೆ ಮುಂಚೆಯೇ ದೂರ ಹೋಗಿದ್ದವು, ಅದೊಂದು ಸಮಾಧಾನ. ಗಂಡು ಹಳ್ಳದ ಆ ಕಡೆ ಇತ್ತು. ಸ್ವಲ್ಪ ಹೊತ್ತಾದ ಮೇಲೆ ನಾಲ್ಕು ಸ್ವರ ಕೂಗಿ ಕಾದು ಕೂತಿತು. ಮತ್ತೆ ಕೂಗಿತು. ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾವಿಬ್ಬರೂ ಜೀಪಿಗೆ ಬಂದೆವು.

ನಿಯಮದ ಪ್ರಕಾರ ಹಕ್ಕಿ ಯಾವುದಾದರೂ ಸಂಗ್ರಹಾಲಯಕ್ಕೆ ಹೋಗಬೇಕು. ನಿನ್ನ ಹತ್ತಿರವೇ ಹೋಗಲಿ ಎಂದು ಕೇಳಿಕೊಂಡೆ. ಐಸಿನ ಪೆಟ್ಟಿಗೆಯಲ್ಲಿ ಬರುತ್ತಾಳೆ. ನೀನೇ ಮಾಡು, ಬೇರೆಯವರಿಗೆ ಕೊಡಬೇಡ.

ಸಾಸಿವೆ


ಫೆಬ್ರವರಿ ೫

ನನ್ನ ಕಂದ,

ಬಂದಳು. ನಾನೇ ಮಾಡಿದೆ, ಯಾರನ್ನೂ ಮುಟ್ಟಲು ಬಿಡಲಿಲ್ಲ. ಗುಂಡಿನ ಗಾಯ ರೆಕ್ಕೆಯ ಕೆಳಗೆ ಬರುವ ಹಾಗೆ ಮಡಿಚಿದ್ದೇನೆ. ನೋಡಿದವರಿಗೆ ನಿದ್ದೆ ಹೋದಂತಿದೆ. ಮೇಷ್ಟ್ರಿಗೆ ಹೇಳು, ಗುರಿ ನೇರವಾಗಿತ್ತು, ನೋವು ತಿಳಿದಿರಲಾರದು.

ಚೀಟಿಯಲ್ಲಿ ಅಳತೆ, ತೂಕ, ತಾರೀಖು ಎಲ್ಲ ಬರೆದ ಮೇಲೆ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ‘ಎರಡು ಮರಿಗಳ ತಾಯಿ’ ಎಂದು ಬರೆದೆ. ಕನ್ನಡಕ ಓದಿ ಸಹಿ ಹಾಕಿದಳು.

ನೀನು ಅಳುವುದಿದ್ದರೆ ಅತ್ತುಬಿಡು. ಬರೆದದ್ದು ನೀನು, ಹೊಡೆದದ್ದು ಅವರು, ಹೊಲಿದದ್ದು ನಾನು. ಮೂವರೂ ಮನಸ್ಸಿಲ್ಲದೆ ಮಾಡಿದೆವು, ಆದರೂ ಸರಿಯಾಗಿ ಮಾಡಿದೆವು.

ನನ್ನ ರಜೆ ಇಪ್ಪತ್ಮೂರು ದಿನ ಕೊಳೆಯುತ್ತಿದೆ. ಮಾರ್ಚ್ ಕೊನೆಗೆ ಬಸ್ಸಿನ ಟಿಕೆಟು ತೆಗೆದಾಯಿತು. ಬೇಡ, ಕಷ್ಟ, ಹಾಸಿಗೆ ಇಲ್ಲ ಎಂದೆಲ್ಲ ಬರೆದರೆ ಕಾಗದ ಓದುವುದಿಲ್ಲ. ಇಲಿಗಳ ಪಂಜರ ಬೇರೆ ಕಡೆ ಇಡು.

ಚಿಕ್ಕಮ್ಮ


ಏಪ್ರಿಲ್ ೬

ಮಾನ್ಯ ಸಾಹೇಬರಿಗೆ ನಮಸ್ಕಾರಗಳು.

ತಮ್ಮ ಕಾಗದಕ್ಕೆ ಉತ್ತರ ಬರೆಯಲು ಹತ್ತು ತಿಂಗಳು ತೆಗೆದುಕೊಂಡೆ, ಕ್ಷಮಿಸಿ. ವರದಿಯಲ್ಲಿ ೨೨೦೮ರ ಎರಡೂ ಚೀಟಿಗಳನ್ನು ಇದ್ದಂತೆಯೇ ಅಚ್ಚು ಹಾಕಿದ್ದೇನೆ. ಯಾರ ತಲೆಯ ಮೇಲೂ ಏನನ್ನೂ ಕೂರಿಸಿಲ್ಲ.

ಚಿಕ್ಕಮ್ಮ ಇಲ್ಲಿಗೆ ಬಂದು ಒಂಬತ್ತು ದಿನವಾಯಿತು. ಬಂದ ದಿನವೇ ಅಡುಗೆಮನೆ ಅವರ ವಶವಾಯಿತು, ಎರಡನೆಯ ದಿನ ಜೀಪು, ಮೂರನೆಯ ದಿನ ಕೋವಿ ಮೇಷ್ಟ್ರು. ಸಂಜೆ ಇಬ್ಬರೂ ಚದುರಂಗ ಆಡುತ್ತಾರೆ. ಇಬ್ಬರೂ ಮೋಸ ಮಾಡುತ್ತಾರೆ.

ನಿನ್ನೆ ಮಧ್ಯಾಹ್ನದ ಒಂದು ಸಂಗತಿಯನ್ನು ತಮಗೆ ತಿಳಿಸಬೇಕು ಅನಿಸಿತು. ನಾವಿಬ್ಬರೂ ನಾಲ್ಕನೆಯ ಹಳ್ಳದ ದಾರಿಯಲ್ಲಿ ಹೋಗುತ್ತಿದ್ದೆವು. ಕೆಂಪು ಉಂಗುರದ ಮರಿ ಈಗ ಮರಿಯಲ್ಲ. ಆ ಕಣಿವೆ ಹಿಡಿದು ಕೂತಿದೆ. ಅದರ ಕೂಗು ಆರು ಸ್ವರ, ಅಪ್ಪನದೂ ಅಲ್ಲ, ಅಮ್ಮನದೂ ಅಲ್ಲ. ಅದಕ್ಕೆ ಓಗೊಡುವವರು ಇನ್ನೂ ಯಾರೂ ಸಿಕ್ಕಿಲ್ಲ. ವಯಸ್ಸು ಚಿಕ್ಕದು, ಕಾಯೋಣ.

ದಾರಿಯ ತಿರುವಿನಲ್ಲಿ, ತಲೆಯೆತ್ತರದ ಕೊಂಬೆಯ ಮೇಲೆ ಅದೇ ಕೂತಿತ್ತು. ಅರ್ಧ ನಿದ್ದೆ. ನಾನು ಚಿಕ್ಕಮ್ಮನ ತೋಳು ಹಿಡಿದು ನಿಲ್ಲಿಸಿದೆ. ಅವರು ಮೊದಲು ಎದೆ ನೋಡಿದರು, ಅಡ್ಡಪಟ್ಟೆ. ಆಮೇಲೆ ಹೊಟ್ಟೆ. ತುಟಿ ಅಲ್ಲಾಡುತ್ತಿತ್ತು, ಚೀಟಿ ಬರೆಯುವವರಂತೆ. ಅಷ್ಟರಲ್ಲಿ ಅದು ರೆಪ್ಪೆ ತೆರೆಯಿತು. ಈ ಗೂಬೆಗಳ ಕಣ್ಣು ಹಳದಿಯಲ್ಲ ಸಾರ್, ಕಡುಕಂದು. ನೆರಳಿನಲ್ಲಿ ಕಪ್ಪೇ ಅನಿಸುತ್ತದೆ, ಬಾವಿಯ ನೀರಿನ ಹಾಗೆ.

ಚಿಕ್ಕಮ್ಮ ಒಂದು ಹೆಜ್ಜೆ ಹಿಂದೆ ಬಂದು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.

“ಇದಕ್ಕೆ ಕಣ್ಣಿದೆ ಕಣೇ,” ಅಂದರು.

ನಿಮ್ಮ ಕಪಾಟುಗಳಲ್ಲಿ ಕಣ್ಣಿನ ಆ ಜಾಗದಲ್ಲಿ ಏನಿರುತ್ತದೆ ಎಂದು ತಮಗೆ ಗೊತ್ತು. ಮೂವತ್ತೆರಡು ವರ್ಷ ಅವರು ಅಲ್ಲಿ ಬಿಳಿ ಹತ್ತಿ ಇಡುತ್ತ ಬಂದಿದ್ದಾರೆ.

ಅದು ಅವರನ್ನು ನೋಡಿತು. ಅವರು ಅದನ್ನು ನೋಡುತ್ತಲೇ ಇದ್ದರು. ಎಷ್ಟು ಹೊತ್ತು ಎಂದು ನಾನು ಬರೆದುಕೊಳ್ಳಬೇಕಿತ್ತು, ಮರೆತೆ.

ತಮ್ಮ ವಿಧೇಯ,
ಡ್ರಾಯರಿನ ಕೂಸು